ಒಂದು ಸೆಟ್ಟು ಸಾಲದವರು

ಅಮೆರಿಕದಲ್ಲಿ ಬೇಸ್‌ಬಾಲ್ ಕಾರ್ಡು ಕೂಡಿಹಾಕುವವರ ನಡುವೆ ಒಂದು ಬುದ್ಧಿಮಾತು ಬಹಳ ಕಾಲದಿಂದ ಓಡಾಡುತ್ತಿದೆ: ಹಿಡಿದ ಸೆಟ್ಟನ್ನು ಮೊದಲು ಮುಗಿಸು, ಆಮೇಲೆ ಇನ್ನೊಂದಕ್ಕೆ ಕೈಹಾಕು. ಒಂದೇ ಕಾಲಕ್ಕೆ ಐದಾರು ಸೆಟ್ಟುಗಳ ಬೆನ್ನುಹತ್ತಿ, ಅದರಲ್ಲೂ ಪ್ರತಿ ಕಾರ್ಡೂ ಒಂದರಿಂದ ಹತ್ತರವರೆಗಿನ ದರ್ಜೆ ಹಾಕಿಸಿಕೊಂಡು ಪ್ಲಾಸ್ಟಿಕ್ ಕವಚದೊಳಗೆ ಭದ್ರವಾಗಿಯೇ ಬರಬೇಕು ಎನ್ನುವವನನ್ನು ಅವರು ಚಂಚಲ ಎಂದು ಕರೆಯುತ್ತಾರೆ. ದುಡ್ಡೂ ಹಂಚಿಹೋಗುತ್ತದೆ, ಗಮನವೂ ಹಂಚಿಹೋಗುತ್ತದೆ, ಕೊನೆಗೆ ಯಾವುದೂ ಪೂರ್ತಿಯಾಗುವುದಿಲ್ಲ ಎಂಬುದು ದೂರು. ಈ ಹವ್ಯಾಸದ ಚರಿತ್ರೆಯನ್ನು ಮೊದಲಿಂದ ನೋಡಿಕೊಂಡು ಬಂದರೆ ದೂರೇ ತಲೆಕೆಳಗಾಗಿದೆ ಎನಿಸುತ್ತದೆ. ಹಲವು ಸೆಟ್ಟುಗಳನ್ನು ಒಟ್ಟಿಗೆ ಕೂಡಿಸುವುದು ಇಲ್ಲಿನ ಮೂಲ ರೂಢಿ. ಒಂದು ಸಲಕ್ಕೆ ಒಂದೇ ಸೆಟ್ಟು ಎಂಬ ಶಿಸ್ತು ನಡುವೆ ಬಂದದ್ದು. ಒಂದೇ ಕಂಪನಿ ಮಾರುಕಟ್ಟೆಯನ್ನು ಆಳಿದ ಇಪ್ಪತ್ತೈದು ವರ್ಷಗಳ ಕೂಸು ಅದು. ದರ್ಜೆ ಹಾಕುವ ಸಂಸ್ಥೆಗಳು ಬಂದ ಮೇಲೆ ಆ ಶಿಸ್ತು ಸಡಿಲವಾದದ್ದು ಸಂಗ್ರಾಹಕರ ಬುದ್ಧಿ ಕೆಟ್ಟದ್ದರಿಂದಲ್ಲ, ಕಾರ್ಡು ಕೈಗೆ ಸಿಗುವ ಲಯವೇ ಬದಲಾದದ್ದರಿಂದ.

1880ರ ದಶಕದಲ್ಲಿ ಸಿಗರೇಟು ತೆಳು ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು. ಜೇಬಿನಲ್ಲಿ ಅದು ನಜ್ಜುಗುಜ್ಜಾಗದಿರಲೆಂದು ಒಳಗೊಂದು ಗಟ್ಟಿ ರಟ್ಟಿನ ತುಂಡು ಇಡುತ್ತಿದ್ದರು. ಆ ರಟ್ಟಿನ ಮೇಲೆ ಚಿತ್ರ ಅಚ್ಚುಹಾಕಿದರೆ ಗಿರಾಕಿ ಮತ್ತೆ ಅದೇ ಪೊಟ್ಟಣ ಕೇಳಿಕೊಂಡು ಬರುತ್ತಾನೆ ಎಂದು ಕಂಡುಕೊಂಡವರಲ್ಲಿ ವರ್ಜೀನಿಯಾದ ರಿಚ್ಮಂಡ್ ನಗರದ ಅಲೆನ್ ಅಂಡ್ ಗಿಂಟರ್ ಕಂಪನಿ ಮುಂಚೂಣಿಯಲ್ಲಿತ್ತು. 1887ರ ಅವರ ‘ವರ್ಲ್ಡ್ಸ್ ಚಾಂಪಿಯನ್ಸ್’ ಸೆಟ್ಟಿನಲ್ಲಿ 50 ಕಾರ್ಡು. ಬೇಸ್‌ಬಾಲ್ ಆಟಗಾರರು ಹತ್ತೇ ಮಂದಿ. ಉಳಿದವರು ಮುಷ್ಟಿಕಾಳಗದವರು, ಜಟ್ಟಿಗಳು, ದೋಣಿ ಸ್ಪರ್ಧಿಗಳು, ಬಿಲಿಯರ್ಡ್ಸ್ ಆಡುವವರು, ಬಂದೂಕಿನ ಗುರಿಕಾರರು. ಆನಿ ಓಕ್ಲಿಯೂ ಅದರಲ್ಲಿದ್ದಳು. ಕಾರ್ಡಿನ ಬೆನ್ನಿಗೆ ಸೆಟ್ಟಿನ ಅಷ್ಟೂ ಹೆಸರುಗಳ ಪಟ್ಟಿ. ನಿನಗೆ ಸಿಕ್ಕಿದ್ದು ಯಾವುದು, ಸಿಗಬೇಕಾದ್ದು ಯಾವುದು ಎಂದು ಕಾರ್ಡೇ ಹೇಳುತ್ತಿತ್ತು. ಅದೇ ಕಂಪನಿ ಅದೇ ವರ್ಷಗಳಲ್ಲಿ ಹಕ್ಕಿಗಳ ಸೆಟ್ಟು, ದೇಶದೇಶಗಳ ಬಾವುಟಗಳ ಸೆಟ್ಟು, ಅಮೆರಿಕದ ಮೂಲನಿವಾಸಿ ನಾಯಕರ ಸೆಟ್ಟುಗಳನ್ನೂ ಹೊರಡಿಸಿತು. ಈ ದಿನ ಬಾವುಟ, ನಾಳೆ ಮುಷ್ಟಿಮಲ್ಲ, ನಾಳಿದ್ದು ಮರಕುಟಿಗ. ಪೊಟ್ಟಣ ಒಡೆಯುವವನಿಗೆ ಯಾವ ಸೆಟ್ಟು ಎಂಬ ಆಯ್ಕೆ ಇರಲೇ ಇಲ್ಲ. ಬೇಸ್‌ಬಾಲ್ ಮಾತ್ರ ಕೂಡಿಸುತ್ತೇನೆ, ಉಳಿದದ್ದು ಬೇಡ ಎಂದವನ ಕೈಗೆ ಹತ್ತು ಕಾರ್ಡೂ ಬರುವುದು ಕಷ್ಟವಿತ್ತು. ಕೂಡಿಸಿಟ್ಟ ಕೂಪನ್ನುಗಳಿಗೆ ಬದಲಾಗಿ ಕಂಪನಿಯವರು ಆಲ್ಬಮ್ ಕೊಡುತ್ತಿದ್ದರು. ಮನೆಯ ಮಕ್ಕಳ ಆಲ್ಬಮ್ಮಿನಲ್ಲಿ ಇವೆಲ್ಲವೂ ಒಟ್ಟೊಟ್ಟಿಗೇ ಬೆಳೆಯುತ್ತಿದ್ದವು.

ಇದೇ ಹೊತ್ತಿಗೆ ನ್ಯೂಯಾರ್ಕಿನ ಗುಡ್ವಿನ್ ಕಂಪನಿ ‘ಓಲ್ಡ್ ಜಡ್ಜ್’ ಸಿಗರೇಟಿನ ಜೊತೆ ಇಟ್ಟ ಕಾರ್ಡುಗಳ ಕತೆ ಇನ್ನೂ ವಿಚಿತ್ರ. 1887ರಿಂದ 1890ರವರೆಗೆ 500ಕ್ಕೂ ಹೆಚ್ಚು ಆಟಗಾರರ ಫೋಟೋಗಳನ್ನು ಸ್ಟುಡಿಯೋದಲ್ಲಿ ತೆಗೆಸಿ, ರಟ್ಟಿಗೆ ಅಂಟಿಸಿ ಹಂಚಿದರು. ಗಾಳಿಯಲ್ಲಿ ಹಾರುವ ಚೆಂಡು ನಿಜವಾಗಿ ದಾರಕ್ಕೆ ಕಟ್ಟಿ ತೂಗುಬಿಟ್ಟದ್ದು. ಕೆಲವು ಚಿತ್ರಗಳಲ್ಲಿ ಆ ದಾರ ಕಾಣುತ್ತದೆ. ಒಬ್ಬೊಬ್ಬ ಆಟಗಾರನಿಗೂ ಹಲವು ಭಂಗಿ, ಊರು ಬದಲಾದರೆ ಇನ್ನೊಂದು ಅಚ್ಚು. ಒಟ್ಟು ಕಾರ್ಡುಗಳು ಸಾವಿರಗಟ್ಟಲೆಗೆ ಹೋಗುತ್ತವೆ. ಇದನ್ನು ಪೂರ್ತಿಮಾಡಿದವರಿಲ್ಲ, ಮಾಡುವವರೂ ಇರಲಾರರು. ಆದ್ದರಿಂದ ಓಲ್ಡ್ ಜಡ್ಜ್ ಕೂಡಿಸುವವರು ತಮ್ಮತಮ್ಮಲ್ಲೇ ಗಡಿ ಹಾಕಿಕೊಳ್ಳುತ್ತಾರೆ. ಒಂದು ತಂಡದ ಅಷ್ಟೂ ಜನ, ಅಥವಾ ಆಟಗಾರನಿಗೊಂದು ಕಾರ್ಡು, ಅಥವಾ ಒಬ್ಬನೇ ಆಟಗಾರನ ಎಲ್ಲ ಭಂಗಿ. ಅಚ್ಚುಹಾಕಿದವರ ಸೆಟ್ಟು ಬೇರೆ, ಕೂಡಿಸುವವನ ಸೆಟ್ಟು ಬೇರೆ ಎಂಬುದು ಈ ವ್ಯಾಪಾರ ಹುಟ್ಟಿದ ಮೊದಲ ನಾಲ್ಕೈದು ವರ್ಷಗಳಲ್ಲೇ ಸ್ಪಷ್ಟವಾಗಿತ್ತು. ಮುಂದೆ ಬರುವುದಕ್ಕೆಲ್ಲ ಇದು ಬೀಜ.

ಬಾನ್ಸಾಕ್‌ನ ಸಿಗರೇಟು ಸುರುಳಿ ಯಂತ್ರವನ್ನು ನೆಚ್ಚಿ ಬೆಳೆದ ಜೇಮ್ಸ್ ಡ್ಯೂಕ್ 1890ರಲ್ಲಿ ದೊಡ್ಡ ಕಂಪನಿಗಳನ್ನೆಲ್ಲ ಅಮೆರಿಕನ್ ಟೊಬ್ಯಾಕೊ ಕಂಪನಿಯೊಳಗೆ ಸೇರಿಸಿದ. ಪೈಪೋಟಿಯೇ ಇಲ್ಲದ ಮೇಲೆ ಚಿತ್ರದ ಖರ್ಚು ಯಾಕೆ? ಕೆಲವೇ ವರ್ಷಗಳಲ್ಲಿ ಕಾರ್ಡುಗಳು ಬತ್ತಿಹೋದವು. ಕಡಲಾಚೆಗೆ ಕೈಚಾಚಿದ ಡ್ಯೂಕ್‌ಗೂ ಇಂಗ್ಲೆಂಡಿನ ಇಂಪೀರಿಯಲ್ ಟೊಬ್ಯಾಕೊಗೂ ನಡೆದ ಕಾದಾಟ 1902ರಲ್ಲಿ ರಾಜಿಯಾಗಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಹುಟ್ಟಿತು. ಅದರ ಭಾರತದ ಕವಲಾದ ಇಂಪೀರಿಯಲ್ ಟೊಬ್ಯಾಕೊ ಕಂಪನಿಯೇ 1913ರಲ್ಲಿ ಬೆಂಗಳೂರಿನಲ್ಲಿ ಸಿಗರೇಟು ಕಾರ್ಖಾನೆ ಹಾಕಿದ್ದು, ಇಂದು ಐಟಿಸಿ ಎನಿಸಿಕೊಂಡದ್ದು. ನಮ್ಮ ಊರಿಗೂ ಈ ಕತೆಗೂ ಇರುವ ನಂಟು ಅಷ್ಟು. ಅಮೆರಿಕದಲ್ಲಿ ಕಾರ್ಡುಗಳು ಮರಳಿದ್ದು 1909ರಲ್ಲಿ, ಇಂದು ಟಿ206 ಎಂದು ಕರೆಯುವ ಬಿಳಿ ಅಂಚಿನ ಸೆಟ್ಟಿನ ರೂಪದಲ್ಲಿ. ಸುಪ್ರೀಂ ಕೋರ್ಟು ಡ್ಯೂಕ್‌ನ ಕೂಟವನ್ನು ಒಡೆದ 1911ರವರೆಗೂ ಅದು ಹೊರಬರುತ್ತಲೇ ಇತ್ತು. ಎದುರಿಗೆ 524 ಚಿತ್ರ, ಬೆನ್ನಿಗೆ ಪೀಡ್‌ಮಂಟ್, ಸ್ವೀಟ್ ಕ್ಯಾಪೊರಲ್ ಮೊದಲಾದ ಹದಿನಾರು ಬ್ರಾಂಡುಗಳ ಜಾಹೀರಾತು. ಹೋನಸ್ ವ್ಯಾಗ್ನರ್ ಎಂಬ ಆಟಗಾರ ತನ್ನ ಚಿತ್ರ ಹಾಕಬೇಡಿ ಎಂದು ನಿಲ್ಲಿಸಿದ. ಮಕ್ಕಳು ತಂಬಾಕಿನ ಕಡೆ ತಿರುಗುತ್ತಾರೆಂಬ ಕಾಳಜಿ ಎನ್ನುವವರಿದ್ದಾರೆ, ಕೇಳಿದ ದುಡ್ಡು ಬರಲಿಲ್ಲ ಎನ್ನುವವರೂ ಇದ್ದಾರೆ. ಅಂತೂ ಅವನ ಕಾರ್ಡು ಅಪರೂಪವಾಯಿತು. ನನಗೆ ವ್ಯಾಗ್ನರ್‌ಗಿಂತ ಆ ಬೆನ್ನಿನ ಜಾಹೀರಾತುಗಳೇ ಮುಖ್ಯವಾಗಿ ಕಾಣುತ್ತವೆ. ಎದುರಿನ ಚಿತ್ರಗಳನ್ನು ಕೂಡಿಸುವವನೊಬ್ಬ, ಒಂದೇ ಬ್ರಾಂಡಿನ ಬೆನ್ನಿರುವ ಕಾರ್ಡುಗಳನ್ನು ಕೂಡಿಸುವವನೊಬ್ಬ, ಒಂದೇ ಚಿತ್ರಕ್ಕೆ ಸಿಗುವ ಎಲ್ಲ ಬೆನ್ನುಗಳನ್ನು ಹುಡುಕುವವನು ಇನ್ನೊಬ್ಬ. ಒಂದು ಸೆಟ್ಟಿನೊಳಗೇ ಹತ್ತಾರು ಸೆಟ್ಟು.

ಹೀಗೆ ಚೆಲ್ಲಾಪಿಲ್ಲಿಯಾಗಿದ್ದ ರಾಶಿಗೆ ಅಂಕೆ ತಂದವನು ಸಿರಕ್ಯೂಸಿನ ಜೆಫರ್ಸನ್ ಬರ್ಡಿಕ್. 1900ರಲ್ಲಿ ಹುಟ್ಟಿದ ಆತ ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುವ ಕೆಲಸಗಾರ; ಮದುವೆಯಿಲ್ಲ, ಕೀಲುಬೇನೆಯಿಂದ ಕೈಬೆರಳುಗಳು ಮುರುಟುತ್ತಿದ್ದವು. 1939ರಲ್ಲಿ ಮೊದಲ ಸಲ ಬಂದು, ಆಮೇಲೆ ‘ಅಮೆರಿಕನ್ ಕಾರ್ಡ್ ಕ್ಯಾಟಲಾಗ್’ ಎಂದು ಹೆಸರಾದ ಅವನ ಪಟ್ಟಿ ಪ್ರತಿ ಸೆಟ್ಟಿಗೂ ಒಂದು ಅಕ್ಷರ, ಒಂದು ಅಂಕಿ ಕೊಟ್ಟಿತು. ಹತ್ತೊಂಬತ್ತನೆಯ ಶತಮಾನದ ತಂಬಾಕಿಗೆ ಎನ್, ಇಪ್ಪತ್ತರ ತಂಬಾಕಿಗೆ ಟಿ, ಹಳೆಯ ಮಿಠಾಯಿಗೆ ಇ, ಈಚಿನ ಗಮ್ಮಿಗೆ ಆರ್. ಟಿ206, ಎನ್172 ಎಂದು ಇಂದಿಗೂ ಹರಾಜುಕಟ್ಟೆಯಲ್ಲಿ ಕೂಗುವುದು ಅವನಿಟ್ಟ ಹೆಸರುಗಳನ್ನೇ. 1947ರಿಂದ ಅವನು ತನ್ನ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಒಪ್ಪಿಸತೊಡಗಿದ. ಕಾರ್ಡು, ಪೋಸ್ಟ್‌ಕಾರ್ಡು, ಲೇಬಲ್ಲು ಎಲ್ಲ ಸೇರಿ ಮೂರು ಲಕ್ಷಕ್ಕೂ ಮೇಲೆ. ಬೇಸ್‌ಬಾಲ್ ಕಾರ್ಡುಗಳೇ ಮೂವತ್ತು ಸಾವಿರದ ಸುಮಾರು. ಮುದ್ರಣಚಿತ್ರ ವಿಭಾಗದ ಮುಖ್ಯಸ್ಥ ಹಯಟ್ ಮೇಯರ್ ಅವನಿಗೊಂದು ಮೇಜು ಬಿಟ್ಟುಕೊಟ್ಟ. ಅಲ್ಲಿ ಕೂತು ಬರ್ಡಿಕ್ ವರ್ಷಗಟ್ಟಲೆ ಒಂದೊಂದೇ ಕಾರ್ಡನ್ನು ಆಲ್ಬಮ್ಮಿಗೆ ಅಂಟಿಸಿದ, 1963ರ ಜನವರಿಯಲ್ಲಿ ಕೆಲಸ ಮುಗಿಸಿದ, ಎರಡು ತಿಂಗಳಲ್ಲಿ ತೀರಿಕೊಂಡ. ಆ ಅಂಟಿನ ಮಾತು ಗಮನಿಸಬೇಕು. ಇಂದಿನ ದರ್ಜೆಗಾರರ ಲೆಕ್ಕದಲ್ಲಿ ಬೆನ್ನಿಗೆ ಅಂಟು ಹತ್ತಿದ ಕಾರ್ಡು ಹಾಳಾದ ಕಾರ್ಡು. ಇಷ್ಟು ದೊಡ್ಡ ಸಂಗ್ರಹವನ್ನು ಕಟ್ಟಿದವನಿಗೆ ಮೂಲೆ ಮಾಸಿದೆಯೇ, ಬೆನ್ನು ಕಲೆಯಾಗಿದೆಯೇ ಎಂಬುದು ದೊಡ್ಡ ಪ್ರಶ್ನೆಯೇ ಆಗಿರಲಿಲ್ಲ. ಯಾವ ಸೆಟ್ಟಿನಲ್ಲಿ ಯಾವ ಕಾರ್ಡು ಇಲ್ಲ ಎಂಬುದಷ್ಟೇ ಪ್ರಶ್ನೆ. ಅವನು ಕೂಡಿಸುತ್ತಿದ್ದದ್ದು ನೂರಾರು ಸೆಟ್ಟುಗಳನ್ನು, ಎಲ್ಲವನ್ನೂ ಒಟ್ಟಿಗೆ. ಅವನನ್ನು ಚಂಚಲ ಎನ್ನುವ ಧೈರ್ಯ ಯಾರಿಗಿದೆ?

ಇಲ್ಲಿ ಒಂದು ಆಕ್ಷೇಪಕ್ಕೆ ಜಾಗವಿದೆ. ಬರ್ಡಿಕ್ ಪಟ್ಟಿ ಮಾಡುತ್ತಿದ್ದ ವಿದ್ವಾಂಸ, ಅವನನ್ನು ಸಾಧಾರಣ ಸಂಗ್ರಾಹಕನ ಮಾದರಿಯಾಗಿ ಇಡುವುದು ಸರಿಯಲ್ಲ ಎನ್ನಬಹುದು. ಹಾಗಾದರೆ ಅವನ ಕಾಲದ ಗಮ್ಮು ತಿನ್ನುವ ಹುಡುಗರನ್ನೇ ನೋಡೋಣ. ಬಾಸ್ಟನ್ನಿನ ಗೌಡಿ ಗಮ್ ಕಂಪನಿ 1933ರಲ್ಲಿ ಬೇಸ್‌ಬಾಲ್ ಸೆಟ್ಟನ್ನು ತಂದಿತು. ಅದೇ ವರ್ಷ ‘ಸ್ಪೋರ್ಟ್ ಕಿಂಗ್ಸ್’ ಎಂಬ ಸರ್ವಕ್ರೀಡೆಯ ಸೆಟ್ಟು, ಅದೇ ವರ್ಷ ‘ಇಂಡಿಯನ್ ಗಮ್’. ಒಂದೇ ಅಂಗಡಿಯ ಒಂದೇ ಹಲಗೆಯ ಮೇಲೆ ಒಂದು ಸೆಂಟಿನ ಗಮ್ಮಿನ ಜೊತೆ ಇವೆಲ್ಲ ಸಿಗುತ್ತಿದ್ದವು. ಗೌಡಿಯವರು ಸೆಟ್ಟಿನ ಗಡಿಯನ್ನು ಹೇಗೆ ಎಳೆದಾಡಿದರೆಂಬುದು ಇನ್ನೂ ಸ್ವಾರಸ್ಯ. ಇಂಡಿಯನ್ ಗಮ್ ಕಾರ್ಡುಗಳ ಬೆನ್ನಿನ ಮೇಲೆ ಇದು 24ರ ಸರಣಿ ಎಂದು ಮೊದಲು ಅಚ್ಚಾಯಿತು, ಆಮೇಲೆ 48 ಎಂದು, ಹಾಗೇ ಏರಿ ಏರಿ 312ಕ್ಕೆ ಹೋಯಿತು. ನಿಜವಾಗಿ ಅಚ್ಚಾದದ್ದು 216. ಬೇಸ್‌ಬಾಲ್ ಸೆಟ್ಟಿನಲ್ಲಿ 240 ಅಂಕಿಗಳಿದ್ದವು, ಆದರೆ 106ನೆಯ ಕಾರ್ಡನ್ನು ಆ ವರ್ಷ ಬಿಡಲೇ ಇಲ್ಲ. ಗಮ್ಮಿನ ಮೇಲೆ ಗಮ್ಮು ಜಗಿದು ದವಡೆ ನೋಯಿಸಿಕೊಂಡ ಹುಡುಗರು ಕಾಗದ ಬರೆದು ದೂರಿದ ಮೇಲೆ, 1934ರಲ್ಲಿ ನೆಪೋಲಿಯನ್ ಲಾಜೋಯಿ ಎಂಬ ಆಟಗಾರನ ಚಿತ್ರ ಹಾಕಿ ಕೇಳಿದವರಿಗಷ್ಟೇ ಅಂಚೆಯಲ್ಲಿ ಕಳಿಸಿದರು. ಸೆಟ್ಟು ಪೂರ್ತಿಯಾಗುವುದು ತಯಾರಕನಿಗೆ ಬೇಕಿಲ್ಲ. ಪೂರ್ತಿಯಾದೀತೆಂಬ ಆಸೆಯಷ್ಟೇ ಬೇಕು. ಒಂದನ್ನು ಮುಗಿಸಿ ಮುಂದಕ್ಕೆ ಹೋಗುತ್ತೇನೆಂದು ಹಟ ಹಿಡಿದ ಹುಡುಗ 1933ರಲ್ಲಿ ಆ 106ನೆಯ ಕಾರ್ಡಿಗೆ ಕಾಯುತ್ತಾ ಅಲ್ಲೇ ನಿಂತಿರಬೇಕಾಗಿತ್ತು.

ಒಂದೇ ಸೆಟ್ಟಿನ ಶಿಸ್ತು ಬಂದದ್ದು ಬ್ರೂಕ್ಲಿನ್‌ನ ಟಾಪ್ಸ್ ಕಂಪನಿಯ ಮೂಲಕ. 1952ರಲ್ಲಿ ಸೈ ಬರ್ಗರ್ ರೂಪಿಸಿದ 407 ಕಾರ್ಡುಗಳ ದೊಡ್ಡ ಸೆಟ್ಟು ಕಂತುಕಂತಾಗಿ ಹೊರಬಂತು. ಕೊನೆಯ ಕಂತು, 311ರಿಂದ 407ರವರೆಗಿನದು, ಅಂಗಡಿಗೆ ಬರುವಷ್ಟರಲ್ಲಿ ಬೇಸ್‌ಬಾಲ್ ಹಂಗಾಮು ಮುಗಿಯುತ್ತ ಬಂದಿತ್ತು, ಹುಡುಗರ ಕಣ್ಣು ಫುಟ್‌ಬಾಲಿನ ಕಡೆ ಹೊರಳಿತ್ತು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆ ಎಂದು ಬರ್ಗರ್ ಮುಂದೆ ಹೇಳಿಕೊಂಡ. ಆ ಕಂತಿನ ಮೊದಲ ಕಾರ್ಡು ಮಿಕ್ಕಿ ಮ್ಯಾಂಟಲ್‌ನದು, ಸಂಖ್ಯೆ 311. ಅದರ ಒಂದು ಪ್ರತಿ 2022ರ ಆಗಸ್ಟಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. 1956ರಲ್ಲಿ ಟಾಪ್ಸ್ ತನ್ನ ಎದುರಾಳಿ ಬೋಮನ್ ಕಂಪನಿಯನ್ನು ಕೊಂಡುಕೊಂಡಿತು. ಅಲ್ಲಿಂದ 1980ರವರೆಗೆ ಬೇಸ್‌ಬಾಲ್ ಕಾರ್ಡು ಎಂದರೆ ಟಾಪ್ಸ್, ವರ್ಷಕ್ಕೊಂದು ಸೆಟ್ಟು, ಒಂದರಿಂದ ಐನೂರೋ ಏಳುನೂರೋ ವರೆಗೆ ನೇರ ಅಂಕಿ. ಪೋಸ್ಟ್ ಮತ್ತು ಕೆಲಾಗ್ಸ್ ಉಪಾಹಾರದ ಡಬ್ಬಿಗಳಲ್ಲಿ ಬಂದ ಕಾರ್ಡುಗಳಿದ್ದವು, 1963ರಲ್ಲಿ ಫ್ಲೀರ್ ಕಂಪನಿ ತಲೆಯೆತ್ತಲು ನೋಡಿತು. ಆದರೂ ಮುಖ್ಯ ನದಿ ಒಂದೇ. ಈ ಕಾಲದಲ್ಲಿ ಬೆಳೆದವರೇ ಮುಂದೆ ದೊಡ್ಡವರಾಗಿ ಹವ್ಯಾಸದ ನಿಯಮಗಳನ್ನು ಹೇಳತೊಡಗಿದ್ದು. ವರ್ಷಕ್ಕೊಂದೇ ಸೆಟ್ಟು ಬರುವಾಗ ಒಂದೊಂದನ್ನೇ ಮುಗಿಸುವುದು ಸುಲಭದ ನೀತಿ. ಅದನ್ನೇ ಅವರು ಸಾರ್ವಕಾಲಿಕ ನೀತಿ ಎಂದುಕೊಂಡರು.

ಆಮೇಲೆ ಮುಗಿಸುವುದು ಇನ್ನೂ ಅಗ್ಗವಾಯಿತು. 1974ರಿಂದ ಟಾಪ್ಸ್ ಕಂತು ಬಿಟ್ಟು ಇಡೀ ಸೆಟ್ಟನ್ನು ಒಮ್ಮೆಲೇ ಬಿಡತೊಡಗಿತು. ವ್ಯಾಪಾರಿಗಳು ಪೂರ್ತಿ ಸೆಟ್ಟನ್ನೇ ಜೋಡಿಸಿ ಮಾರಿದರು. ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಜೇಮ್ಸ್ ಬೆಕೆಟ್ 1979ರಲ್ಲಿ ದರಪಟ್ಟಿಯ ಪುಸ್ತಕ ತಂದ, 1984ರಲ್ಲಿ ಅದು ಮಾಸಪತ್ರಿಕೆಯಾಯಿತು. ಕೋರ್ಟಿನ ತೀರ್ಪಿನ ಬಲದಿಂದ 1981ರಲ್ಲಿ ಫ್ಲೀರ್, ಡಾನ್ರಸ್ ಕಣಕ್ಕಿಳಿದವು, 1989ರಲ್ಲಿ ಅಪ್ಪರ್ ಡೆಕ್. ಅಚ್ಚಿನ ಯಂತ್ರಗಳು ಹಗಲಿರುಳು ಓಡಿದವು. ಕಾರ್ಡುಗಳು ಅದೆಷ್ಟು ಅಚ್ಚಾದವೆಂದರೆ, ಆ ವರ್ಷಗಳ ಬಹುಪಾಲು ಸೆಟ್ಟುಗಳಿಗೆ ಇಂದು ಹಾಕಿಟ್ಟ ಪೆಟ್ಟಿಗೆಯಷ್ಟೂ ಬೆಲೆಯಿಲ್ಲ. ಎಲ್ಲರ ಬಳಿಯೂ ಎಲ್ಲ ಕಾರ್ಡು ಇರುವಾಗ ಒಬ್ಬನ ಸೆಟ್ಟಿಗೂ ಇನ್ನೊಬ್ಬನ ಸೆಟ್ಟಿಗೂ ಉಳಿಯುವ ವ್ಯತ್ಯಾಸ ಒಂದೇ: ಕಾರ್ಡಿನ ಸ್ಥಿತಿ.

ಅದನ್ನು ಅಳೆಯುವ ವ್ಯಾಪಾರ ನಾಣ್ಯಗಳಿಂದ ಬಂತು. ನಾಣ್ಯಗಳಿಗೆ ಎಪ್ಪತ್ತು ಅಂಕಗಳ ದರ್ಜೆ ಹಾಕಿ ಕವಚದಲ್ಲಿ ಮುಚ್ಚುವ ಸೇವೆಯನ್ನು 1986ರಲ್ಲಿ ಆರಂಭಿಸಿದ ಡೇವಿಡ್ ಹಾಲ್ ಮತ್ತು ಸಂಗಡಿಗರು, 1991ರಲ್ಲಿ ಅದನ್ನೇ ಕಾರ್ಡುಗಳಿಗೆ ತಂದು ಪಿಎಸ್ಎ ಎಂಬ ಸಂಸ್ಥೆ ಕಟ್ಟಿದರು. ಚಿತ್ರ ನಟ್ಟನಡುವೆ ಕೂತಿದೆಯೇ, ನಾಲ್ಕು ಮೂಲೆ ಚೂಪಾಗಿವೆಯೇ, ಅಂಚು ಸವೆದಿದೆಯೇ, ಮೇಲ್ಮೈಗೆ ಗೀರು ಬಿದ್ದಿದೆಯೇ ಎಂದು ನೋಡಿ ಒಂದರಿಂದ ಹತ್ತರೊಳಗೆ ಅಂಕ. ದರ್ಜೆ ಪಡೆದ ಮೊದಲ ಕಾರ್ಡು ಟಿ206 ವ್ಯಾಗ್ನರ್, ಅಂಕ ಎಂಟು. ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಅವನ ತಂಡದ ಒಡೆಯ ಬ್ರೂಸ್ ಮ್ಯಾಕ್‌ನಾಲ್ ಅದನ್ನು ಆ ವರ್ಷವೇ ಹರಾಜಿನಲ್ಲಿ 4,51,000 ಡಾಲರಿಗೆ ಕೊಂಡಿದ್ದರು. 2007ರಲ್ಲಿ ಅದರ ಬೆಲೆ 28 ಲಕ್ಷ ಡಾಲರ್ ಮುಟ್ಟಿತು. ಒಂದು ಕಾಲಕ್ಕೆ ಅದರ ಒಡೆಯನಾಗಿದ್ದ ಹರಾಜುಗಾರ ಬಿಲ್ ಮ್ಯಾಸ್ಟ್ರೊ, ಅಂಚನ್ನು ತಾನೇ ಕತ್ತರಿಸಿದ್ದೆ ಎಂದು 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಕತ್ತರಿಸಿದ ಕಾರ್ಡಿಗೆ ಅಂಕ ಕೊಡುವಂತೆಯೇ ಇಲ್ಲ ಎಂಬುದು ಆ ಸಂಸ್ಥೆಯದೇ ನಿಯಮ. ದರ್ಜೆಯ ಇಡೀ ಕಟ್ಟಡದ ಮೊದಲ ಇಟ್ಟಿಗೆಯೇ ಹೀಗೆ.

ಆದರೂ ಕಟ್ಟಡ ಎದ್ದಿತು, ಯಾಕೆಂದರೆ ಅದರ ಮೇಲೊಂದು ಅಟ್ಟ ಹಾಕಿದರು. ಶತಮಾನ ತಿರುಗುವ ಹೊತ್ತಿಗೆ ಬಂದ ಸೆಟ್ ರಿಜಿಸ್ಟ್ರಿ ಎಂಬ ಏರ್ಪಾಟಿನಲ್ಲಿ ಸಂಗ್ರಾಹಕ ತನ್ನ ದರ್ಜೆ ಕಾರ್ಡುಗಳ ಕ್ರಮಸಂಖ್ಯೆಗಳನ್ನು ನಮೂದಿಸುತ್ತಾನೆ. ಶೇಕಡಾ ಎಷ್ಟು ಪೂರ್ತಿಯಾಗಿದೆ, ಸರಾಸರಿ ಅಂಕ ಎಷ್ಟು, ದೇಶದಲ್ಲಿ ಅವನ ಸೆಟ್ಟಿಗೆ ಎಷ್ಟನೆಯ ಸ್ಥಾನ ಎಂದು ಅದು ಹೇಳುತ್ತದೆ. ಜೊತೆಗೆ ಪಾಪ್ಯುಲೇಶನ್ ರಿಪೋರ್ಟ್: ಇಂಥ ಕಾರ್ಡಿಗೆ ಹತ್ತು ಅಂಕ ಸಿಕ್ಕಿದ್ದು ಎಷ್ಟಕ್ಕೆ, ಒಂಬತ್ತು ಎಷ್ಟಕ್ಕೆ ಎಂಬ ಲೆಕ್ಕ. ಇವೆರಡೂ ಸೇರಿದ ಕ್ಷಣ ‘ಅಪರೂಪ’ ಎಂಬುದರ ಜಾಗವೇ ಬದಲಾಯಿತು. 1952ರ ಸೆಟ್ಟಿನ ಒಂದನೆಯ ಕಾರ್ಡು ಆಂಡಿ ಪಾಫ್ಕೊ ಎಂಬವನದು. ಒಳ್ಳೆಯ ಆಟಗಾರ, ಮಹಾನ್ ಆಟಗಾರನೇನಲ್ಲ. ಹುಡುಗರು ಕಾರ್ಡುಗಳನ್ನು ಅಂಕಿಯ ಸಾಲಿನಲ್ಲಿ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದರು; ಮೇಲಿದ್ದ ಪಾಫ್ಕೊಗೆ ಅದರ ಕಚ್ಚು ಬೀಳುತ್ತಿತ್ತು. ಆದ್ದರಿಂದ ಹತ್ತು ಅಂಕದ ಪಾಫ್ಕೊ 1998ರಲ್ಲೇ 80,000 ಡಾಲರ್ ದಾಟಿದ. 1971ರ ಟಾಪ್ಸ್ ಸೆಟ್ಟಿನ 752 ಕಾರ್ಡುಗಳಿಗೂ ಕಪ್ಪು ಅಂಚು. ಉಗುರು ತಾಕಿದರೂ ಬಿಳಿ ರಟ್ಟು ಇಣುಕುತ್ತದೆ. ಅಲ್ಲಿ ಯಾರಿಗೂ ನೆನಪಿಲ್ಲದ, ಹಂಗಾಮಿನ ಬಹುಪಾಲು ಬೆಂಚಿನ ಮೇಲೇ ಕೂತಿದ್ದ ಆಟಗಾರನ ಕಾರ್ಡು, ಒಂಬತ್ತು ಅಂಕ ಪಡೆದದ್ದು ಬೆರಳೆಣಿಕೆಯಷ್ಟೇ ಎಂಬ ಒಂದೇ ಕಾರಣಕ್ಕೆ, ತಾರೆಗಳ ಕಾರ್ಡಿಗಿಂತ ದುಬಾರಿಯಾಗಬಲ್ಲದು.

ಈಗ ಒಂದೇ ಸೆಟ್ಟಿನ ಶಿಸ್ತುಗಾರನನ್ನು ಈ ಲೋಕಕ್ಕೆ ತಂದು ನಿಲ್ಲಿಸಿ. 1971ರ ಸೆಟ್ಟನ್ನು ಎಂಟು ಅಂಕಕ್ಕೆ ಕಡಿಮೆಯಿಲ್ಲದೆ ಕೂಡಿಸುತ್ತೇನೆ ಎಂದು ಅವನು ಹೊರಡುತ್ತಾನೆ. ಮೊದಲ ನಾನೂರು ಐನೂರು ಕಾರ್ಡುಗಳು ದುಡ್ಡಿದ್ದಂತೆ ಸಿಗುತ್ತವೆ. ಆಮೇಲೆ ಬರುವುದು ಕಾಯುವ ಕಾಲ. ಇರುವ ನಾಲ್ಕೈದು ಪ್ರತಿಗಳೂ ಬೇರೆಯವರ ಸೆಟ್ಟಿನಲ್ಲಿ ಕೂತಿವೆ. ಅವರಲ್ಲೊಬ್ಬ ಮಾರಬೇಕು, ಸಾಯಬೇಕು, ಇಲ್ಲವೇ ಎಲ್ಲೋ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಹೊಸ ಕಾರ್ಡೊಂದು ಹೊರಬಂದು ದರ್ಜೆಗೆ ಹೋಗಬೇಕು. ಇದು ತಿಂಗಳಲ್ಲಾಗುವ ಮಾತಲ್ಲ. ದುಡ್ಡು ಇಟ್ಟುಕೊಂಡು ಕಾಯುವವನು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾನೆ. ಬೇಸತ್ತು ಹವ್ಯಾಸವನ್ನೇ ಬಿಡುತ್ತಾನೆ. ಇಲ್ಲವೇ ಅಪರೂಪಕ್ಕೆ ಕಾರ್ಡೊಂದು ಹರಾಜಿಗೆ ಬಂದಾಗ ತಡೆಯಲಾರದೆ ಮೂರು ಪಟ್ಟು ಕೊಡುತ್ತಾನೆ. ಎದುರಾಳಿಗೂ ಅದೇ ಅವಸರವಿದ್ದರೆ ಬೆಲೆಗೆ ಮಿತಿಯೇ ಇಲ್ಲ. ಹಲವು ಸೆಟ್ಟು ತೆರೆದಿಟ್ಟುಕೊಂಡವನ ಸ್ಥಿತಿ ಬಯಲುಸೀಮೆಯ ರೈತನದು. ರಾಗಿಯ ನಡುವೆ ಅವರೆ, ಹುಚ್ಚೆಳ್ಳು, ಜೋಳದ ಅಕ್ಕಡಿ ಸಾಲು ಹಾಕುವವನು ಯಾವ ಮಳೆ ತಪ್ಪಿದರೂ ಏನಾದರೊಂದು ಕೊಯ್ಯುತ್ತಾನೆ. ಈ ತಿಂಗಳು 1971ರ ಯಾವ ಕಾರ್ಡೂ ಬರಲಿಲ್ಲವೇ, ಗೌಡಿಯದು ಬಂದೀತು. ಅದೂ ದುಬಾರಿಯೇ, 1986ರ ಫ್ಲೀರ್ ಬ್ಯಾಸ್ಕೆಟ್‌ಬಾಲಿನದೊಂದು ಅಗ್ಗಕ್ಕೆ ಬಿದ್ದೀತು. ಯಾವ ಹರಾಜಿನಿಂದಲೂ ಎದ್ದು ಬರುವ ಶಕ್ತಿ ಅವನಿಗಿದೆ, ಯಾಕೆಂದರೆ ಅವನ ಹಂಬಲ ಒಂದೇ ಕಾರ್ಡಿಗೆ ಕಟ್ಟುಬಿದ್ದಿಲ್ಲ.

ಇನ್ನೊಂದು ಕಾರಣ ರಿಜಿಸ್ಟ್ರಿಯ ಒಳಗೇ ಇದೆ. ಅಲ್ಲಿ ಒಬ್ಬನದೇ ಕಾರ್ಡು ಒಂದಕ್ಕಿಂತ ಹೆಚ್ಚು ಸೆಟ್ಟುಗಳಲ್ಲಿ ಲೆಕ್ಕಕ್ಕೆ ಬರುತ್ತದೆ. 1952ರ ಮ್ಯಾಂಟಲ್ ಕಾರ್ಡು ಆ ವರ್ಷದ ಟಾಪ್ಸ್ ಸೆಟ್ಟಿಗೂ ಸಲ್ಲುತ್ತದೆ, ಮ್ಯಾಂಟಲ್‌ನ ಕಾರ್ಡುಗಳನ್ನಷ್ಟೇ ಜೋಡಿಸುವ ಸೆಟ್ಟಿಗೂ ಸಲ್ಲುತ್ತದೆ, ಹಾಲ್ ಆಫ್ ಫೇಮ್ ಸೇರಿದವರ ಸೆಟ್ಟಿಗೂ ಸಲ್ಲುತ್ತದೆ. ವರ್ಷದ ಸೆಟ್ಟು ಅಡ್ಡಸಾಲಾದರೆ ಆಟಗಾರನ ಸೆಟ್ಟು ಉದ್ದಸಾಲು. ಎರಡೂ ಕೂಡುವ ಕಡೆ ಕೂತ ಕಾರ್ಡಿಗೆ ಎರಡು ಕೆಲಸ. ಟಾಪ್ಸ್‌ನ ಐದಾರು ವರ್ಷಗಳ ಸೆಟ್ಟು ಕೂಡಿಸುತ್ತಿರುವವನು ತನಗರಿವಿಲ್ಲದೆಯೇ ಹತ್ತಿಪ್ಪತ್ತು ಆಟಗಾರರ ಸೆಟ್ಟುಗಳನ್ನು ಅರ್ಧ ಮುಗಿಸಿರುತ್ತಾನೆ. ಓಲ್ಡ್ ಜಡ್ಜ್ ಕಾಲದ ಸಂಗ್ರಾಹಕರು ಅನಿವಾರ್ಯವಾಗಿ ಮಾಡಿಕೊಂಡ ಗಡಿಗಳು ಇಲ್ಲಿ ಅಧಿಕೃತವಾದವು, ಅಷ್ಟೇ.

ಇದೆಲ್ಲ ಕಂಪನಿಯ ಬಲೆ, ದರ್ಜೆಯ ಶುಲ್ಕ ಹೆಚ್ಚಿಸಿಕೊಳ್ಳಲು ಹೂಡಿದ ಆಟ ಎಂಬ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಕಾರ್ಡಿನ ಬೆಲೆಗಿಂತ ದರ್ಜೆಯ ಶುಲ್ಕವೇ ಹೆಚ್ಚಾಗುವ ಸಾಮಾನ್ಯ ಕಾರ್ಡುಗಳನ್ನೂ ಜನ ಕಳಿಸುತ್ತಾರೆಂದರೆ ಅದಕ್ಕೆ ಪಟ್ಟಿಯ ಖಾಲಿ ಸಾಲುಗಳೇ ಕಾರಣ. ಸಾಂಕ್ರಾಮಿಕದ ವರ್ಷಗಳಲ್ಲಿ ಕಾರ್ಡುಗಳ ಪ್ರವಾಹ ಎಷ್ಟಾಯಿತೆಂದರೆ 2021ರ ಮಾರ್ಚಿನ ಕೊನೆಗೆ ಪಿಎಸ್ಎ ಬಹುಪಾಲು ಸೇವೆಗಳನ್ನು ನಿಲ್ಲಿಸಿ ಬಾಕಿ ತೀರಿಸಲು ಕೂರಬೇಕಾಯಿತು. 2024ರಲ್ಲಿ ಅದರ ಮಾತೃಸಂಸ್ಥೆ ಪ್ರತಿಸ್ಪರ್ಧಿ ಎಸ್‌ಜಿಸಿಯನ್ನೂ ಕೊಂಡಿತು. ಡ್ಯೂಕ್ ಬದುಕಿದ್ದರೆ ತಲೆದೂಗುತ್ತಿದ್ದ. ಆದರೆ ಬಲೆ ಎಂಬ ಮಾತು ಒಂದೇ ಸೆಟ್ಟಿನವನಿಗೂ ಅಷ್ಟೇ ಅನ್ವಯಿಸುತ್ತದೆ. ಗೌಡಿಯ 106ನೆಯ ಕಾರ್ಡು ಯಾವ ರಿಜಿಸ್ಟ್ರಿಯ ಆಟವಾಗಿತ್ತು? ಹಲವು ಸೆಟ್ಟಿನವನು ಹಾಗೆ ನೋಡಿದರೆ ಹೆಚ್ಚು ಸ್ವತಂತ್ರ. ಒಂದು ಕಡೆ ಬೆಲೆ ಉಬ್ಬಿದರೆ ಇನ್ನೊಂದು ಕಡೆ ಸರಿಯಬಲ್ಲ. 2021ರ ಜನವರಿ ಕೊನೆಗೆ ಹತ್ತು ಅಂಕದ 1986ರ ಫ್ಲೀರ್ ಸೆಟ್ಟಿನ ಮೈಕೆಲ್ ಜೋರ್ಡನ್ ಕಾರ್ಡು 7,38,000 ಡಾಲರಿಗೆ ಹೋಗಿ, ಅದೇ ವರ್ಷದೊಳಗೆ ಅರ್ಧಕ್ಕಿಂತ ಕೆಳಗಿಳಿಯಿತು. ಹತ್ತು ಅಂಕ ಪಡೆದ ಪ್ರತಿಗಳು ಮುನ್ನೂರಕ್ಕೂ ಹೆಚ್ಚಿದ್ದವು, ಗುಟ್ಟೇನೂ ಇರಲಿಲ್ಲ. 132 ಕಾರ್ಡಿನ ಆ ಒಂದೇ ಸೆಟ್ಟನ್ನು ಆಗಲೇ ಮುಗಿಸಲು ಹೊರಟವನಿಗೆ ಜೋರ್ಡನ್‌ನ ಆ 57ನೆಯ ಕಾರ್ಡನ್ನು ಬಿಟ್ಟು ದಾರಿಯಿರಲಿಲ್ಲ. ಬೇರೆ ಸೆಟ್ಟು ಕೈಯಲ್ಲಿದ್ದವನು ಕಾದ.

ಹೆಚ್ಚು ಗಟ್ಟಿಯಾದ ಆಕ್ಷೇಪ ಬೇರೆ. ದರ್ಜೆಯೇ ಒಂದು ಅಭಿಪ್ರಾಯವಾಗಿರುವಾಗ, ಅದರ ಮೇಲೆ ಒಂದಲ್ಲ ಐದು ಸೆಟ್ಟು ಕಟ್ಟುವುದು ಮರಳಿನ ಮೇಲೆ ಐದು ಮನೆ ಕಟ್ಟಿದಂತಲ್ಲವೇ? ಕವಚ ಒಡೆದು ಅದೇ ಕಾರ್ಡನ್ನು ಮತ್ತೆ ಕಳಿಸಿದರೆ ಬೇರೆ ಅಂಕ ಬರುವುದುಂಟು. ಹಳೆಯ ಹರಾಜುಗಳ ಚಿತ್ರಗಳನ್ನು ಹೊಸವುಗಳ ಪಕ್ಕ ಇಟ್ಟು ನೋಡಿ, ಅಂಚು ಕತ್ತರಿಸಿದ, ಕಲೆ ತೊಳೆದ ನೂರಾರು ಕಾರ್ಡುಗಳು ದರ್ಜೆಯ ಕವಚದೊಳಗೇ ಇವೆಯೆಂದು 2019ರಲ್ಲಿ ಸಂಗ್ರಾಹಕರೇ ತೋರಿಸಿಕೊಟ್ಟರು. ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಭಾಗಶಃ ಇದೆ. ಅನುಭವಸ್ಥ ಬಹುಸೆಟ್ಟಿನವರು ಎಲ್ಲ ಸೆಟ್ಟನ್ನೂ ಒಂದೇ ದರ್ಜೆಯಲ್ಲಿ ಕೂಡಿಸುವುದಿಲ್ಲ. ಟಿ206 ಎರಡು ಮೂರು ಅಂಕದಲ್ಲಿ, 1952 ನಾಲ್ಕೈದರಲ್ಲಿ, 1971 ಏಳೆಂಟರಲ್ಲಿ, ಎಂಬತ್ತರ ದಶಕದ್ದು ಒಂಬತ್ತರಲ್ಲಿ. ಕೆಳದರ್ಜೆಯಲ್ಲಿ ಮೂಲೆ ಸವೆದ ಕಾರ್ಡಿನ ಅಂಚನ್ನು ಕತ್ತರಿಸಿ ಯಾರೂ ಲಾಭ ಮಾಡುವುದಿಲ್ಲ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಎಂಟಕ್ಕೂ ಒಂಬತ್ತಕ್ಕೂ ಇರುವಷ್ಟು ಬೆಲೆಬಾಳುವುದಿಲ್ಲ. ಅಲ್ಲಿ ಕವಚ ಹೇಳುವುದು ಮುಖ್ಯವಾಗಿ ಒಂದೇ ಮಾತು, ಕಾರ್ಡು ಅಸಲಿ ಎಂದು. ಒಂದೇ ಸೆಟ್ಟಿನವನು ಪಟ್ಟಿಯಲ್ಲಿ ಮೇಲೇರಬೇಕಾದರೆ ಅಂಕ ಹೆಚ್ಚಿಸುವುದೊಂದೇ ದಾರಿ, ಎಂದರೆ ಮೋಸ ದಟ್ಟವಾಗಿರುವ ಮೇಲಿನ ಮೆಟ್ಟಿಲುಗಳಿಗೇ ಹೋಗಬೇಕು. ಹಲವು ಸೆಟ್ಟಿನವನು ಕೆಳಗಿನ ಮೆಟ್ಟಿಲುಗಳಲ್ಲಿ ಹರಡಿಕೊಂಡು ಬದುಕಬಲ್ಲ.

ಯಾವುದೂ ಪೂರ್ತಿಯಾಗುವುದಿಲ್ಲ ಎಂಬ ಮೊದಲ ದೂರಿಗೆ ಉತ್ತರ ಹರಾಜಿನ ಕಟ್ಟೆಯಲ್ಲೇ ಇದೆ. ಪೂರ್ತಿಯಾದ ದರ್ಜೆ ಸೆಟ್ಟುಗಳಿಗೆ ಏನಾಗುತ್ತದೆ ಎಂದು ನೋಡಬೇಕು. ವರ್ಷಗಟ್ಟಲೆ ದುಡಿದು ಮೊದಲ ಸ್ಥಾನಕ್ಕೆ ಬಂದವನು ಕೆಲಕಾಲ ಅಲ್ಲಿದ್ದು, ಆಮೇಲೆ ಮಾರಲು ಕೊಡುತ್ತಾನೆ. ಇಡೀ ಸೆಟ್ಟನ್ನು ಒಟ್ಟಾಗಿ ಕೊಳ್ಳುವ ಶಕ್ತಿಯಿರುವವರು ಕೆಲವೇ ಮಂದಿ, ಬಿಡಿ ಕಾರ್ಡಿಗೆ ಕಾಯುತ್ತಿರುವವರು ನೂರು ಮಂದಿ. ಬಿಡಿಯಾಗಿ ಮಾರಿದರೆ ಒಟ್ಟು ಮೊತ್ತ ಹೆಚ್ಚು. ಆದ್ದರಿಂದ ಹರಾಜುಗಾರರು ಸೆಟ್ಟನ್ನು ಒಡೆಯುತ್ತಾರೆ. ಬೆಂಚಿನ ಆಟಗಾರನ ಒಂಬತ್ತು ಅಂಕದ ಕಪ್ಪಂಚಿನ ಕಾರ್ಡು ಒಬ್ಬನಿಗೆ, ಪಾಫ್ಕೊ ಇನ್ನೊಬ್ಬನಿಗೆ, ಮ್ಯಾಂಟಲ್ ಮಗದೊಬ್ಬನಿಗೆ ಹೋಗುತ್ತದೆ, ಮೂವರೂ ಬೇರೆಬೇರೆ ಸೆಟ್ಟು ಕೂಡಿಸುತ್ತಿರುವವರು. ಮಾರಿದವನು ಬಂದ ದುಡ್ಡಿನಲ್ಲಿ ಬಹುಮಟ್ಟಿಗೆ ಮಾಡುವುದೇನೆಂದರೆ, ಈ ಸಲ ಗೌಡಿಯನ್ನೂ ಟಿ206ನ್ನೂ ಒಟ್ಟಿಗೆ ಶುರುಮಾಡುವುದು.